ತೊಲೆಯ ಮೇಲೆ ನಡೆಯುವ ಬಿರುಕು

ಬಿರುಕು ನಡೆಯುತ್ತಿತ್ತು.

ಅರುಣಾ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಬೆಳಿಗ್ಗೆ ಎಂಟು ಗಂಟೆಯ ಚಿತ್ರದಲ್ಲಿ ಸಿಮೆಂಟ್ ತೊಲೆ ಆಗತಾನೇ ಎರೆಸಿಕೊಂಡ ಮಗುವಿನ ಬೆನ್ನಿನಂತೆ ನುಣ್ಣಗಿತ್ತು. ಹತ್ತರ ಚಿತ್ರದಲ್ಲಿ ಕಂಪ್ಯೂಟರು ಅದೇ ತೊಲೆಯ ಮೇಲೆ ಎರಡಡಿ ಉದ್ದದ ಹಸಿರು ಗೆರೆ ಎಳೆದು, ಬಿರುಕು ಇಲ್ಲಿದೆ ಎಂದು ತೋರಿಸಿತು. ಮಧ್ಯಾಹ್ನ ಒಂದಕ್ಕೆ ಗೆರೆಯೇ ಇಲ್ಲ. ನಾಲ್ಕಕ್ಕೆ ಐದಡಿ ಎರಡಂಗುಲ.

“ಇನ್ನೊಂದ್ಸಲ ಹಾಕಮ್ಮ,” ಎಂದರು ಗಂಗಣ್ಣ.

ಅವರು ಬರಿಗಾಲಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಕಾಲೇಜಿನ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ. ಧೂಳು ಯಂತ್ರಕ್ಕೆ ಆಗದು. ಈ ನಿಯಮ ಗಂಗಣ್ಣನವರಿಗೆ ಮೊದಲ ದಿನವೇ ಹಿಡಿಸಿಬಿಟ್ಟಿತ್ತು. ಸಬ್ ಇನ್ಸ್‌ಪೆಕ್ಟರಾಗಿ ಮೂವತ್ತು ವರ್ಷ ಬೂಟು ತಿಕ್ಕಿ, ನಿವೃತ್ತರಾಗಿ, ಸೂಲಿಬೆಲೆಯಲ್ಲಿ ಎರಡು ಹಸು ಕಟ್ಟಿಕೊಂಡಿದ್ದ ಮನುಷ್ಯ. ಹಣೆಯ ವಿಭೂತಿ ಬೆವರಿದರೂ ಅಳಿಸದು. ಕಾಣೆಯಾದವರನ್ನು ಹುಡುಕಿಕೊಡಿ ಎಂದು ಯಾರಾದರೂ ಬಂದರೆ ಮಾತ್ರ ಹಸುವಿನ ಹಗ್ಗ ಬಿಟ್ಟು ಏಳುತ್ತಿದ್ದರು.

ಹತ್ತೊಂಬತ್ತು ದಿನದ ಹಿಂದೆ ಇದೇ ಕೋಣೆಯಿಂದ ಎದ್ದು ಹೋದ, ಅರುಣಾಳ ಜೊತೆ ಕೆಲಸ ಮಾಡುತ್ತಿದ್ದ ವಸಂತ್ ಇನ್ನೂ ಮರಳಿರಲಿಲ್ಲ. ಅವನು ಅಡಗಿಸಿಟ್ಟಿದ್ದ ಈ ಚಿತ್ರಗಳ ಫ್ಲಾಪಿ ಹೋದ ವಾರ ಅವನ ತಾಯಿ ಅಕ್ಕಯಮ್ಮನ ಮಗ್ಗದ ಲಾಳಿ ಪೆಟ್ಟಿಗೆಯಲ್ಲಿ ಸಿಕ್ಕಿತ್ತು.

ಅರುಣಾ ಕೀಲಿ ಒತ್ತಿದಳು. ಏಳು ದಿನದ ಚಿತ್ರಗಳು ಒಂದರ ಹಿಂದೊಂದು ಹಾದುಹೋದವು. ಮೊದಲ ಮೂರು ದಿನ ಗೆರೆ ಇದ್ದ ಕಡೆಯೇ ಇತ್ತು, ಐದಡಿ ಎರಡಂಗುಲ, ಅಲುಗಾಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ ಬೋಳು ತೊಲೆ. ಅಲ್ಲಿಂದಾಚೆ ಈ ಕುಣಿತ.

“ಏನಮ್ಮಾ ನಿನ್ನ ಯಂತ್ರ, ನಮ್ಮೂರ ಹಳೇ ಶಾನುಭೋಗರ ಥರ ಇದೆ. ಬೆಳಿಗ್ಗೆ ಒಂದಳತೆ, ಸಾಯಂಕಾಲ ಒಂದಳತೆ.”

“ನಮ್ಮ ಪ್ರೊಫೆಸರೂ ಅದನ್ನೇ ಅಂದ್ರು. ಬಿರುಕು ಬೆಳೆಯುತ್ತೆ, ಕುಗ್ಗಲ್ಲ. ಪ್ರೋಗ್ರಾಮೇ ಸರಿಯಿಲ್ಲ ಅಂತ ಬರೆದುಬಿಟ್ರು.” ಅವಳ ದನಿ ತಗ್ಗಿತು. “ಊರೋರು ಬೇರೇನೇ ಅಂತಾರೆ ಸಾರ್. ವಸಂತ್ ನಾಲ್ಕನೇ ದಿನದ ಬೋಳು ಚಿತ್ರ ಒಂದನ್ನೇ ವರದಿಗೆ ಅಂಟಿಸಿ, ‘ತೊಲೆಯಲ್ಲಿ ಬಿರುಕಿಲ್ಲ’ ಅಂತ ಸಹಿ ಹಾಕಿ, ಕಂಟ್ರಾಕ್ಟರ್ ಕೃಪೆಯಿಂದ ಬೊಂಬಾಯಿ ರೈಲು ಹತ್ತಿದ ಅಂತಾರೆ.”

“ನೀನೇನಂತೀಯ?”

ಹತ್ತೊಂಬತ್ತು ದಿನದಿಂದ ಅರುಣಾಳ ಎದೆಯೊಳಗೆ ಇದ್ದದ್ದು ಅದೊಂದೇ ಪ್ರಶ್ನೆ. ಅವನು ಎಲ್ಲಿ ಎಂಬುದಲ್ಲ. ಆ ಸುಳ್ಳಿನ ಕೆಳಗೆ ಸಹಿ ಹಾಕಿದ್ದು ಅವನ ಕೈಯೇನಾ ಎಂಬುದು. ಹಾಕಿದ್ದರೆ, ಅವನು ಬಂದರೂ ಬಂದಂತಲ್ಲ. ಹಾಕದಿದ್ದರೆ, ಎಷ್ಟು ದಿನ ಬೇಕಾದರೂ ಕಾಯಬಹುದು.

ತೊಲೆ ಇದ್ದದ್ದು ದೊಡ್ಡಬಳ್ಳಾಪುರದ ನೇಕಾರರ ಸಂಘದವರು ಕಟ್ಟಿಸಿದ ಹೊಸ ಮಗ್ಗದ ಮನೆಯಲ್ಲಿ. ಎರಡಂತಸ್ತು. ಕೆಳಗೆ ಹೆಂಗಸರು ಕೂತು ನೂಲು ಸುತ್ತುವ ಜಾಗ, ಮೇಲೆ ಇಪ್ಪತ್ತನಾಲ್ಕು ವಿದ್ಯುತ್ ಮಗ್ಗ. ಮೇಲಿನ ಮಗ್ಗಗಳ ಭಾರ, ಅವುಗಳ ಕುಟ್ಟು, ಎರಡನ್ನೂ ಹೊರಬೇಕಾದದ್ದು ಆ ಒಂದು ತೊಲೆ. ಸೋಮವಾರ ಬೆಳಿಗ್ಗೆ ಪೂಜೆ ಮಾಡಿ ಮಗ್ಗ ತಿರುಗಿಸುವುದೆಂದು ನಿಶ್ಚಯವಾಗಿತ್ತು. ಇವತ್ತು ಶುಕ್ರವಾರ.

ಗಂಗಣ್ಣ ಪರದೆಯ ಹತ್ತಿರಕ್ಕೆ ಬಗ್ಗಿದರು. “ಈ ಹಸಿರು ಗೆರೆ ಎಳೆಯೋದು ಯಾರು?”

“ಕಂಪ್ಯೂಟರು. ಬೆಳ್ಳಗಿರೋ ಗೋಡೆ ಮೇಲೆ ಸಣ್ಣ ಕಪ್ಪು ಕಂಡ ಕಡೆ ಚುಕ್ಕಿ ಇಡುತ್ತೆ. ಚುಕ್ಕಿ ಪಕ್ಕ ಚುಕ್ಕಿ ಇದ್ರೆ ಕೂಡಿಸಿ ಗೆರೆ ಮಾಡುತ್ತೆ. ಬಿರುಕಿನ ಒಳಗೆ ಧೂಳು ತುಂಬ್ಕೊಂಡು ಅಲ್ಲಲ್ಲಿ ಕಡಿದೋಗಿರುತ್ತಲ್ಲ ಸಾರ್, ಆ ಸಂದು ಮುಚ್ಚಿ ಓದು ಅಂತ ವಸಂತ್ ಕಲಿಸಿಕೊಟ್ಟಿದಾನೆ.”

“ಕೂಡಿಸ್ಬೇಡ, ಕಂಡಿದ್ದನ್ನ ಕಂಡಂಗೆ ಹೇಳು ಅಂತ ಕೇಳಕ್ಕಾಗುತ್ತಾ?”

ಅರುಣಾ ತಿರುಗಿ ಅವರ ಮುಖ ನೋಡಿದಳು. ಇಷ್ಟು ದಿನ ತನಗೆ ಹೊಳೆಯದ ಮಾತು ಹಸು ಕಟ್ಟುವ ಮನುಷ್ಯನಿಗೆ ಹೊಳೆದಿತ್ತು.

ಪ್ರೋಗ್ರಾಮಿನಲ್ಲಿ ಸಂದು ಮುಚ್ಚುವ ಸಾಲುಗಳನ್ನು ಹುಡುಕಿ ತೆಗೆದಳು. ಅವು ವಸಂತನ ಸಾಲುಗಳು. ಅವನು ಬರೆಯುವ ರೀತಿಯೇ ಬೇರೆ; ಪ್ರತಿ ನಾಲ್ಕು ಸಾಲಿಗೆ ಒಂದು ಖಾಲಿ ಸಾಲು ಬಿಡುವನು, ಉಸಿರಾಡಿಕೊಳ್ಳಲಿ ಎಂದು. ಅಳಿಸುವಾಗ ಅವನ ಅಂಗಿಯ ಗುಂಡಿ ಕೀಳುತ್ತಿರುವಂತೆ ಅವಳಿಗೆ ಅನ್ನಿಸಿತು.

ಚಿತ್ರವೊಂದನ್ನು ಓದಲು ಆ ಯಂತ್ರಕ್ಕೆ ನಾಲ್ಕು ನಿಮಿಷ ಬೇಕು. ನಾಲ್ಕು ನಿಮಿಷ ಎಂದರೆ ಎಷ್ಟು ಉದ್ದ ಎಂಬುದು ಕಾದವರಿಗೇ ಗೊತ್ತು.

ಕಿಟಕಿಯಾಚೆ ದೂರದಲ್ಲಿ ಮಾಕಳಿದುರ್ಗದ ಗುಡ್ಡ ಬಿಸಿಲಲ್ಲಿ ಮಲಗಿತ್ತು. ಮೊದಲೆಲ್ಲ ಈ ನಾಲ್ಕು ನಿಮಿಷದಲ್ಲಿ ವಸಂತ್ ಎರಡು ಲೋಟ ಕಾಫಿ ತರುತ್ತಿದ್ದ. ಯಂತ್ರದ ಕೋಣೆಗೆ ಕಾಫಿ ತರುವಂತಿಲ್ಲ, ಹಾಗಾಗಿ ಇಬ್ಬರೂ ಹೊಸ್ತಿಲಾಚೆ ಚಪ್ಪಲಿಗಳ ಪಕ್ಕ ಕೂತು ಕುಡಿಯುತ್ತಿದ್ದರು. “ಗೆರೆ ಸಿಕ್ಕಿದ್ರೆ ಬಿಡಬಾರ್ದು ಕಣೇ,” ಎನ್ನುತ್ತಿದ್ದ. “ತುದಿ ತನಕ ಹೋಗ್ಬೇಕು. ಅರ್ಧಕ್ಕೆ ನಿಂತೋರಿಗೆ ಬಿರುಕು ಯಾವುದು, ಗೀರು ಯಾವುದು ಅಂತ ಗೊತ್ತಾಗಲ್ಲ.” ಕಾರ್ತಿಕದ ಮೊದಲ ಸೋಮವಾರ ಆ ಗುಡ್ಡ ಹತ್ತಿ ಮೇಲಿನ ಶಿವನಿಗೆ ದೀಪ ಹಚ್ಚೋಣ, ಆಮೇಲೆ ನಿಮ್ಮಪ್ಪನ ಹತ್ತಿರ ಬಾಯಿಬಿಟ್ಟು ಕೇಳ್ತೀನಿ ಎಂದಿದ್ದ. ಮೊದಲ ಸೋಮವಾರ ಕಳೆಯಿತು. ಎರಡನೆಯದೂ ಕಳೆಯಿತು. ಗುಡ್ಡ ಇದ್ದಲ್ಲೇ ಇತ್ತು.

ಯಂತ್ರ ‘ಕುಯ್’ ಎಂದಿತು.

ಹಸಿರು ಗೆರೆ ಹೋಗಿತ್ತು. ಅದರ ಜಾಗದಲ್ಲಿ ನೂರಾರು ಕಪ್ಪು ಚುಕ್ಕಿ. ಅರುಣಾ ಒಂದು ಚುಕ್ಕಿಯನ್ನು ಹಿಗ್ಗಿಸಿದಳು. ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು. ಮುಂದೊಂದು ಉಂಡೆ, ಹಿಂದೊಂದು ಉಂಡೆ, ನಡುವೆ ಎಳೆಯಷ್ಟು ಸೊಂಟ.

“ಇರುವೆ!” ಎಂದರು ಗಂಗಣ್ಣ. “ಶಿವ ಶಿವಾ! ಇರುವೆ ಸಾಲನ್ನ ಬಿರುಕು ಅಂತ ಓದಿದೆಯಲ್ಲಮ್ಮ ನಿನ್ನ ಯಂತ್ರ!”

ಅವರು ಹೊಟ್ಟೆ ಕುಲುಕಿಸಿ ನಕ್ಕರು. ನಗು ಅರ್ಧಕ್ಕೇ ನಿಂತಿತು.

“ತಡಿ ತಡಿ. ಇರುವೆ ದಾರೀಲಿ ಹೋಗೋದಾದ್ರೆ ಎಲ್ಲಾದ್ರೂ ಹೋಗ್ಲಿ. ಮೊದಲ ಮೂರು ದಿನ ಬಿರುಕಿದ್ದ ಗೆರೆ ಮೇಲೇ ಯಾಕೆ ಹೋಗ್ಬೇಕು?”

ಅರುಣಾ ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟಳು. ಎರಡನೇ ದಿನದ ಬಿರುಕು, ಆರನೇ ದಿನದ ಇರುವೆ. ಡೊಂಕು ಡೊಂಕಾಗಿ, ಒಂದೂ ತಪ್ಪದೆ, ಸೀರೆಯ ಅಂಚಿಗೆ ಅಂಚು ಕೂತಂತೆ ಕೂತವು.

“ಪ್ರೋಗ್ರಾಮು ಸರಿಯಾಗೇ ಇತ್ತು ಸಾರ್,” ಎಂದಳು. ಅವಳ ಕಣ್ಣು ತುಂಬಿತು. “ಬಿರುಕು ನಿಜ. ನಾಲ್ಕನೇ ದಿನ ಯಾರೋ ಅದನ್ನ ಮುಚ್ಚಿದಾರೆ.”

“ಮುಚ್ಚಿದ್ರು, ಸರಿ. ಇರುವೆ ಬರೀ ಸುಣ್ಣ ಮೂಸಲ್ಲ, ಸಿಮೆಂಟು ಮುಟ್ಟಲ್ಲ. ಮುಚ್ಚಿದೋನು ಒಳಗೆ ಬೆಲ್ಲ ತುಂಬಿದ್ನಾ? ಕಂಟ್ರಾಕ್ಟರ್ ವೆಂಕಟರಾಮಪ್ಪನ ಗಾರೆಯವರು ಮುಚ್ಚಿದ್ರೆ ಸಿಮೆಂಟಲ್ಲೇ ಮುಚ್ತಿದ್ರು. ನಾನು ಒಕ್ಕಲಿನ ಮಗ. ನನಗೆ ತಿಳೀದು. ನಿಮ್ಮ ನೇಕಾರರ ಕಡೆ ಇನ್ನೇನಾದ್ರೂ ಉಂಟಾ, ಸಂದಿಗೆ ಮೆತ್ತೋಕೆ?”

ಅರುಣಾಳ ಕೈ ಕೀಲಿಗಳ ಮೇಲೆ ನಿಂತಿತು.

ಉಂಟು. ಗಂಜಿ.

ನೇಕಾರರ ಮನೆಯಲ್ಲಿ ಗಂಜಿ ಇಲ್ಲದೆ ಬೆಳಗಾಗದು. ನೂಲಿಗೆ ಗಂಜಿ ಬಳಿಯದೆ ಮಗ್ಗಕ್ಕೆ ಏರಿಸಿದರೆ ಎಳೆ ಪಟಪಟ ಕಡಿಯುತ್ತದೆ. ಅದೇ ಗಂಜಿಯಲ್ಲಿ ಕಾಗದ ಅಂಟಿಸುತ್ತಾರೆ, ಪೆಟ್ಟಿಗೆಯ ಸಂದು ಮೆತ್ತುತ್ತಾರೆ, ಗೋಡೆಯ ತೂತಿಗೆ ಸುಣ್ಣದ ಜೊತೆ ಕಲಸಿ ತುಂಬುತ್ತಾರೆ. ಸಿಮೆಂಟಿನವನಿಗೆ ಸಿಮೆಂಟು ಹೇಗೋ ನೇಕಾರನ ಕೈಗೆ ಗಂಜಿ ಹಾಗೆ. ಕೇಳದೆಯೇ ಅದರ ಕಡೆ ಹೋಗುತ್ತದೆ.

ಆದರೆ ಊರಿನ ಗಂಜಿಗೆ ಇರುವೆ ಬರುವುದಿಲ್ಲ. ಎಲ್ಲರೂ ಮೈಲುತುತ್ತ ಹಾಕುತ್ತಾರೆ. ನೀಲಿ ವಿಷ, ಒಂದು ಚಿಟಿಕೆ ಬಿದ್ದರೆ ಬೂಷ್ಟೂ ಹತ್ತದು, ಇರುವೆಯೂ ಸುಳಿಯದು. ಹಾಕದ ಮನೆ ಇಡೀ ಪೇಟೆಯಲ್ಲಿ ಒಂದೇ. ‘ಗಂಜಿ ಅಂದ್ರೆ ಅನ್ನ. ಅನ್ನಕ್ಕೆ ವಿಷ ಬೆರೆಸಿದ ಕೈಯಲ್ಲಿ ಲಾಳಿ ಹಿಡಿಯಬಾರ್ದು’ ಎಂದು ಆ ಮನೆಯ ಯಜಮಾನ ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದ. ಮಗ್ಗದ ಕಾಲಿನ ಹತ್ತಿರ ಇರುವೆ ಸಾಲು ಕಂಡರೆ ಪಕ್ಕಕ್ಕೆ ಸರಿದು ಹೋಗುತ್ತಿದ್ದ. ನೆರೆಹೊರೆಯವರು ಅವನ ಮನೆಗೆ ಇರುವೆ ಛತ್ರ ಎಂದೇ ಹೆಸರಿಟ್ಟಿದ್ದರು.

ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯದು. ಗಂಗಣ್ಣನವರಿಗೂ ತಿಳಿಯದು. ಆದರೆ ವಸಂತನ ಹೆಸರಿನ ಮೇಲಿನ ಮಸಿ ಹಾಗೇ ಉಳಿಯುವುದು, ಸೋಮವಾರ ಆ ತೊಲೆಯ ಕೆಳಗೆ ಹೆಂಗಸರು ನೂಲು ಸುತ್ತಲು ಕೂರುವರು.

“ಸಾರ್,” ಎಂದಳು ಅರುಣಾ, ಪರದೆಯಿಂದ ಕಣ್ಣು ತೆಗೆಯದೆ. “ಬಿರುಕು ಮುಚ್ಚಿದ್ದು ನಮ್ಮಪ್ಪ.”

*

ಸಂಘದ ಅಧ್ಯಕ್ಷ ಸಂಜೀವಪ್ಪ ಮಗ್ಗದ ಮನೆಯ ಕೆಳ ಅಂತಸ್ತಿನಲ್ಲಿ ಒಬ್ಬನೇ ನಿಂತು ಸೋಮವಾರದ ಪೂಜೆಗೆ ಜಾಗ ಗುಡಿಸುತ್ತಿದ್ದ. ಅಧ್ಯಕ್ಷನಾದವನು ಪೊರಕೆ ಹಿಡಿಯಬೇಕಾಗಿರಲಿಲ್ಲ. ಆದರೆ ದೇವರ ಕೆಲಸ ಬೇರೆಯವರ ಕೈಗೆ ಕೊಡುವ ಅಭ್ಯಾಸ ಅವನಿಗಿರಲಿಲ್ಲ. ಮಗಳನ್ನು ಕಂಡು ಮುಖ ಅರಳಿತು.

“ಬಾರವ್ವ! ಬನ್ನಿ ಗಂಗಣ್ಣೋರೆ. ಏನು, ಹುಡುಗನ ಸುಳಿವೇನಾದ್ರೂ ಸಿಕ್ತಾ?”

ಅರುಣಾ ತಲೆ ಎತ್ತಿ ತೊಲೆ ನೋಡಿದಳು. ಕಂಪ್ಯೂಟರಿನ ಪರದೆಯಲ್ಲಿ ಸಾವಿರ ಸಲ ಕಂಡಿದ್ದ ತೊಲೆ. ಹತ್ತೊಂಬತ್ತು ದಿನದಲ್ಲಿ ಇರುವೆಗಳು ತಮ್ಮ ಕೆಲಸ ಮುಗಿಸಿದ್ದವು. ಮೆತ್ತಿದ್ದು ಉದುರಿ, ಬಿರುಕು ಬಾಯಿ ತೆರೆದುಕೊಂಡು ನಿಂತಿತ್ತು. ಯಂತ್ರ ಬೇಕಿರಲಿಲ್ಲ. ತಲೆ ಎತ್ತುವ ಮನಸ್ಸಿದ್ದರೆ ಸಾಕಿತ್ತು.

“ಅಪ್ಪಾ, ನಮ್ಮನೆ ಗಂಜಿಗೆ ಮೈಲುತುತ್ತ ಹಾಕ್ತೀವಾ?”

“ಇದೇನೇ ಹುಚ್ಚು ಪ್ರಶ್ನೆ. ಹಾಕಲ್ಲ ಅಂತ ಇಡೀ ಪೇಟೆಗೇ ಗೊತ್ತು.”

“ಹಾಕಿದ್ರೆ ನೀನು ಸಿಕ್ಕಿಬೀಳ್ತಿರ್ಲಿಲ್ಲ ಅಪ್ಪಾ.”

ಪೊರಕೆ ನಿಂತಿತು.

ಸಂಜೀವಪ್ಪ ಮೊದಲು ಮಗಳನ್ನು ನೋಡಿದ, ಆಮೇಲೆ ತೊಲೆಯನ್ನು. ಗಂಗಣ್ಣ ಒಂದು ನೂಲಿನ ಪೆಟ್ಟಿಗೆಯ ಮೇಲೆ ಕೂತು, ತನಗೂ ಇದಕ್ಕೂ ಸಂಬಂಧವಿಲ್ಲದವರಂತೆ ಪಂಚೆಯ ಅಂಚು ಸರಿಮಾಡಿಕೊಂಡರು. ತಂದೆ ಮಗಳ ನಡುವೆ ಪೊಲೀಸಿನವನು ಎಲ್ಲಿ ಕೂರಬೇಕು ಎಂಬುದು ಅವರಿಗೆ ಗೊತ್ತಿತ್ತು.

“ಇರುವೆ ಬಂದಿದ್ವಾ?” ಎಂದು ಕೇಳಿದ ಸಂಜೀವಪ್ಪ.

“ಸಾಲುಗಟ್ಟಿ ಬಂದಿದ್ವು. ನೀನು ಎಲ್ಲೆಲ್ಲಿ ಮೆತ್ತಿದ್ದೀಯೋ ಅಲ್ಲೆಲ್ಲ.”

ಅವನು ಸಣ್ಣಗೆ ನಕ್ಕ. ಆ ನಗುವಿನಲ್ಲಿ ಅಳುವಿಗಿಂತ ಹೆಚ್ಚು ನೋವಿತ್ತು. “ನಲವತ್ತು ವರ್ಷ ಉಣ್ಣಿಸಿದೆ. ಸಾಕ್ಷಿ ಹೇಳಕ್ಕೆ ಬಂದ್ವು ನೋಡು.”

“ಯಾಕಪ್ಪ ಮಾಡಿದೆ?”

“ಯಾಕೆ ಅಂತೀಯ? ನೀನು ಹುಟ್ಟಿದಾಗ ತೊಟ್ಟಿಲು ಎಲ್ಲಿ ಕಟ್ಟಿದ್ವಿ ಗೊತ್ತೇನೇ? ಎರಡು ಮಗ್ಗದ ನಡುವೆ. ಬೇರೆ ಜಾಗ ಇರ್ಲಿಲ್ಲ. ಆ ಕುಟ್ಟಿನಲ್ಲಿ ನಿನಗೆ ಜೋಗುಳ ಹೇಳಿದ್ದು ನಿನಗೇ ಕೇಳಿಸಿಲ್ಲ. ಇವತ್ತಿಗೂ ಪೇಟೇಲಿ ಮಕ್ಕಳು ಹಾಗೇ ಮಲಗ್ತಾವೆ. ಮನೇಲಿ ಮಗ್ಗ ಬೇಡ, ಮಗ್ಗಕ್ಕೇ ಒಂದು ಮನೆ ಆಗ್ಲಿ ಅಂತ ಹದಿನೈದು ವರ್ಷ ಓಡಾಡಿದೆ. ಕೊನೇಗೆ ಆಯ್ತು. ಆದ ವಾರಕ್ಕೆ ನಿನ್ನ ವಸಂತ ಒಂದು ಕ್ಯಾಮೆರಾ ತಂದಿಟ್ಟು, ಮಾವ, ತೊಲೆ ಸೀಳಿದೆ ಅಂದ.”

“ನಿಜ ಅಂದ.”

“ವೆಂಕಟರಾಮಪ್ಪ ಬಂದು ನೋಡಿದ. ಇದು ತೊಲೆ ಬಿರುಕಲ್ಲ, ಮೇಲಿನ ಗಾರೆ ಒಣಗಿ ಸೀಳಿರೋದು, ಏನಾದ್ರೂ ಮೆತ್ತಿಬಿಡಿ ಅಂದ. ಅವನು ಕಟ್ಟಿದೋನು. ನಾನು ನೇಯೋನು. ನಂಬಿದೆ.” ಸಂಜೀವಪ್ಪ ತಡೆದು ತಡೆದು ಹೇಳಿದ. “ಇಲ್ಲ. ನಂಬಬೇಕು ಅನ್ನಿಸ್ತು, ಅದಕ್ಕೆ ನಂಬಿದೆ. ನಾಲ್ಕನೇ ದಿನ ಮುಂಜಾನೆ ಏಣಿ ಹಾಕ್ಕೊಂಡು ನಾನೇ ಮೆತ್ತಿದೆ. ಕೈಗೆ ಗಂಜಿ ಸಿಕ್ತು. ಮೆತ್ತಿದೆ.”

“ವಸಂತನಿಗೆ ಗೊತ್ತಾಯ್ತಾ?”

ಸಂಜೀವಪ್ಪ ಪೊರಕೆಯನ್ನು ಗೋಡೆಗೆ ಆನಿಸಿದ. ಎರಡು ಸಲ ಜಾರಿತು. ಮೂರನೇ ಸಲ ನಿಂತಿತು.

“ಅವನೂ ನಮ್ಮ ಪೇಟೆ ಹುಡುಗನೇ ಅಲ್ವಾ. ಏಳನೇ ದಿನ ಸಾಯಂಕಾಲ ಏಣಿ ಹತ್ತಿ, ಬೆರಳಲ್ಲಿ ಒಂಚೂರು ಕೆರೆದು, ನಾಲಿಗೆ ಮೇಲಿಟ್ಕೊಂಡ. ಕೆಳಗಿಳಿದು ನೆಟ್ಟಗೆ ನಮ್ಮನೆಗೆ ಬಂದ. ನೀನು ಕಾಲೇಜಿಂದ ಬಂದಿರ್ಲಿಲ್ಲ. ‘ಮಾವ, ತೊಲೆಗೆ ಮೆತ್ತಿದ್ದು ಯಾರು?’ ಅಂದ. ನಾನಲ್ಲ ಅಂದೆ.” ಅವನು ತನ್ನ ಬಲಗೈಯನ್ನೇ ನೋಡಿಕೊಂಡ. “ಮಗ್ಗದ ಮೇಲೆ ಕೈ ಇಟ್ಟು ಹೇಳಿದೆ ಕಣವ್ವಾ. ಮಗ್ಗದ ಮೇಲೆ ಕೈ ಇಟ್ಟು.”

ಅರುಣಾ ಕಣ್ಣು ಮುಚ್ಚಿದಳು. ನೇಕಾರ ಎಲ್ಲಿ ಬೇಕಾದರೂ ಸುಳ್ಳು ಹೇಳಬಹುದು, ಸಂತೆಯಲ್ಲಿ, ಸಾಲ ಕೊಟ್ಟವನ ಮುಂದೆ, ಹೆಂಡತಿಯ ಹತ್ತಿರ. ಮಗ್ಗ ಮುಟ್ಟಿ ಹೇಳುವುದಿಲ್ಲ.

“ಅವನೇನಂದ?”

“ಮೊದಲು ನನ್ನ ಕೈನೇ ನೋಡಿದ. ಉಗುರು ಸಂದೀಲಿ ಇನ್ನೂ ಸುಣ್ಣ ಇತ್ತು. ‘ಅರುಣಾಗೆ ಹೇಳಲ್ಲ ಮಾವ, ನೀವೇ ಹೇಳಿ. ಅಲ್ಲೀತನಕ ನಾನು ಸಹಿ ಹಾಕಲ್ಲ’ ಅಂದು ಹೊರಟುಹೋದ. ಅಷ್ಟೇ. ಆಮೇಲೆ ನಾನು ಅವನ್ನ ನೋಡಿಲ್ಲ. ಮಂಜುನಾಥನಾಣೆ ನೋಡಿಲ್ಲ. ಅವನು ಹೋದ ಮೂರನೇ ದಿನ ವೆಂಕಟರಾಮಪ್ಪ ವರದಿ ತಂದುಕೊಟ್ಟ. ಕೆಳಗೆ ಸಹಿ ಇತ್ತು. ಯಾರ ಕೈ ಅಂತ ನಾನು ಕೇಳಲಿಲ್ಲ.”

ಅರುಣಾಳ ಕಿವಿಯಲ್ಲಿ ಒಂದೇ ಮಾತು ಉಳಿದಿತ್ತು. *ಸಹಿ ಹಾಕಲ್ಲ.* ಹತ್ತೊಂಬತ್ತು ದಿನ ಎದೆಯ ಮೇಲಿದ್ದ ಕಲ್ಲು ಜಾರಿತು. ಜಾರಿದ ಜಾಗದಲ್ಲಿ ಇನ್ನೂ ದೊಡ್ಡದೊಂದು ಬಂದು ಕೂತಿತು. ಸಹಿ ಹಾಕದವನನ್ನು ಏನು ಮಾಡಿದರು? ತನಗೆ ಹೇಳದೆ, ತನ್ನ ಅಪ್ಪನ ಮಾನ ಕಾಯಲು ಬಾಯಿ ಕಟ್ಟಿಕೊಂಡು, ಆ ಸಂಜೆ ಅವನು ಯಾವ ದಾರಿ ಹಿಡಿದ? ತಾನು ಮನೆಗೆ ಬಂದದ್ದು ಹತ್ತು ನಿಮಿಷ ತಡವಾಗಿ. ಹತ್ತು ನಿಮಿಷ ಮೊದಲು ಬಂದಿದ್ದರೆ ಬೀದಿಯ ತಿರುವಿನಲ್ಲಿ ಎದುರಾಗುತ್ತಿದ್ದ.

“ಸಂಜೀವಪ್ಪೋರೆ,” ಎಂದರು ಗಂಗಣ್ಣ ಮೃದುವಾಗಿ, “ಬಾಯಲ್ಲಿ ಒಪ್ಪಿಕೊಂಡಿದ್ದು ದೇವರಿಗೆ ಸಾಕು. ಸೋಮವಾರದ ಮಗ್ಗ ನಿಲ್ಲಿಸೋಕೆ ಸಾಲ್ದು. ವೆಂಕಟರಾಮಪ್ಪ ಕೈಲಿ ಸಹಿ ಇರೋ ವರದಿ ಇದೆ. ನಮ್ಮ ಕೈಲಿ ಏನಿದೆ? ಇರುವೆ.”

ಯಾರೂ ನಗಲಿಲ್ಲ.

ಆಗಲೇ ಅರುಣಾ ಅದನ್ನು ಕಂಡಳು.

ತೊಲೆಯ ಮೇಲಿನ ಗಂಜಿ ತೀರಿ ಎಷ್ಟೋ ದಿನವಾಗಿತ್ತು. ಅಲ್ಲಿ ಒಂದು ಇರುವೆಯೂ ಇರಲಿಲ್ಲ. ಆದರೂ ಪೂರ್ವದ ಕಂಬದ ಬುಡದಲ್ಲಿ ಒಂದು ಕಪ್ಪು ಎಳೆ ಅಲುಗಾಡುತ್ತಿತ್ತು. ನೆಲದ ಸಂದಿನಿಂದ ಎದ್ದು, ಕಂಬ ಹಿಡಿದು, ಮೊಣಕಾಲಿನ ಎತ್ತರ, ಸೊಂಟದ ಎತ್ತರ, ಅಲ್ಲಿಂದ ಪಕ್ಕದ ಗೋಡೆಗೆ ಹೊರಳಿ ಮೇಲೇರುತ್ತಿತ್ತು.

*ಗೆರೆ ಸಿಕ್ಕಿದ್ರೆ ಬಿಡಬಾರ್ದು ಕಣೇ. ತುದಿ ತನಕ ಹೋಗ್ಬೇಕು.*

ಅವಳು ಹೋದಳು. ಬೆರಳನ್ನು ಸಾಲಿನ ಪಕ್ಕದಲ್ಲೇ, ತಾಕದಂತೆ, ಜರುಗಿಸುತ್ತ ಹೋದಳು. ಅಪ್ಪ ಇರುವೆ ಕಂಡಾಗ ಸರಿಯುವಂತೆಯೇ.

ಗೆರೆ ಮುಗಿದದ್ದು ಅವಳ ಕಣ್ಣಿನ ಮಟ್ಟದಲ್ಲಿ, ಬೋಳು ಗೋಡೆಯ ಮೇಲೆ.

“ಅಪ್ಪಾ, ಇಲ್ಲಿ ದೀಪದ ಗೂಡು ಇತ್ತಲ್ವಾ?”

“ಇತ್ತು. ದಿನಾ ದೀಪ ಇಡೋಕೆ ಒಂದು ಗೂಡು ಬೇಕು ಅಂತ ನಾನೇ ಹಟ ಹಿಡಿದು ಬಿಡಿಸಿದ್ದೆ…” ಸಂಜೀವಪ್ಪ ಹತ್ತಿರ ಬಂದು ಗೋಡೆ ಸವರಿದ. ಅವನ ಹುಬ್ಬು ಗಂಟಾಯಿತು. “ಇದ್ಯಾರು ಮುಚ್ಚಿದ್ದು?”

ಅರುಣಾ ಬೆರಳ ಗೆಣ್ಣಿನಿಂದ ತಟ್ಟಿದಳು. ಟೊಳ್ಳು ಸದ್ದು.

ಗೋಡೆಯಲ್ಲ. ಮಗ್ಗಕ್ಕೆ ಹೂವಿನ ವಿನ್ಯಾಸ ಕಲಿಸುವ, ತೂತು ಕೊರೆದ ರಟ್ಟಿನ ಅಟ್ಟೆ. ನಾಲ್ಕು ಅಟ್ಟೆಗಳನ್ನು ಒಂದಕ್ಕೊಂದು ಜೋಡಿಸಿ, ಗೂಡಿನ ಬಾಯಿಗೆ ಅಂಟಿಸಿ, ಮೇಲೆ ಸುಣ್ಣ ಬಳಿದಿದ್ದರು. ದೂರದಿಂದ ನೋಡಿದವನಿಗೆ ಗೋಡೆಯೇ. ಇರುವೆಗಳು ಅಟ್ಟೆಯ ಅಂಚಿನ ಸುತ್ತ ಮುತ್ತಿಕೊಂಡಿದ್ದವು.

ಅವಳು ಅಂಚಿಗೆ ಉಗುರು ಹಾಕಿದಳು. ಉಗುರು ಮೆತ್ತಗೆ ಒಳಗಿಳಿಯಿತು.

ಕೈ ಹಿಂದಕ್ಕೆ ತೆಗೆದು ನೋಡಿದಳು. ಬೆರಳ ತುದಿಯಲ್ಲಿ ಬೆಳ್ಳಗೆ, ಜಿಗುಟಾಗಿ, ಹಸಿ ಗಂಜಿ.

“ಸಾರ್, ಗಂಜಿ ಒಣಗೋಕೆ ಅರ್ಧ ದಿನ ಸಾಕು. ಇದು ಇವತ್ತು ಮೆತ್ತಿದ್ದು.”

ಗಂಗಣ್ಣ ಪೆಟ್ಟಿಗೆಯಿಂದ ಎದ್ದರು. “ತೆಗಿಯಮ್ಮ.”

ಅಟ್ಟೆ ಸದ್ದಿಲ್ಲದೆ ಬಿಟ್ಟುಕೊಂಡಿತು. ಗೂಡಿನೊಳಗೆ ಮಡಚಿದ ಕಾಗದಗಳ ಒಂದು ಕಟ್ಟು, ಕೆಂಪು ರೇಷ್ಮೆ ಎಳೆ ಸುತ್ತಿ ಇಟ್ಟಿತ್ತು. ಅರುಣಾ ಎಳೆ ಬಿಚ್ಚಿದಳು. ಬಿಚ್ಚುವ ಮೊದಲೇ ಕೈಬರಹ ಗುರುತು ಸಿಕ್ಕಿತ್ತು. ನಾಲ್ಕು ಸಾಲು, ಒಂದು ಖಾಲಿ. ನಾಲ್ಕು ಸಾಲು, ಒಂದು ಖಾಲಿ.

ತೊಲೆಯ ಬಿರುಕಿನ ಉದ್ದ, ಅಗಲ, ಆಳ. ಮೊದಲ ದಿನದ್ದು, ಎರಡನೇ ದಿನದ್ದು. ಅವಳ ಕಣ್ಣು ಪಟ್ಟಿಯ ಮೇಲೆ ಓಡಿತು. ಏಳನೇ ದಿನಕ್ಕೆ ನಿಲ್ಲಬೇಕಾಗಿದ್ದ ಪಟ್ಟಿ ನಿಂತಿರಲಿಲ್ಲ. ಎಂಟನೇ ದಿನ, ಹನ್ನೊಂದನೇ ದಿನ, ಇಪ್ಪತ್ತನೇ ದಿನ. ಕೊನೆಯ ಸಾಲು ನಿನ್ನೆಯದು. ‘ಅಗಲ ಎರಡರಷ್ಟಾಗಿದೆ. ಮೇಲೆ ಮಗ್ಗ ತಿರುಗಿದರೆ ತೊಲೆ ನಿಲ್ಲದು.’ ಕೆಳಗೆ ಸಹಿ. ಅಪ್ಪ ಬಗ್ಗಿ ನೋಡಿ ತಲೆಯಾಡಿಸಿದ; ವೆಂಕಟರಾಮಪ್ಪ ತಂದಿದ್ದ ವರದಿಯ ಸಹಿಗೂ ಇದಕ್ಕೂ ಅಕ್ಕ ತಂಗಿಯ ಹೋಲಿಕೆಯೂ ಇರಲಿಲ್ಲ.

“ಇದ್ದಾನೆ,” ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. “ಸಾರ್, ಇಲ್ಲೇ ಎಲ್ಲೋ ಇದ್ದಾನೆ.”

ಕಾಗದವನ್ನು ಎದೆಗೆ ಒತ್ತಿಕೊಂಡಳು. ಹತ್ತೊಂಬತ್ತು ದಿನ ರೈಲು ಕೂಗಿದಾಗಲೆಲ್ಲ ಬೊಂಬಾಯಿಯ ಕಡೆ ನೋಡಿದ್ದಳು. ಅವನು ಇಷ್ಟು ಹತ್ತಿರದಲ್ಲಿ, ತಾನು ದಿನವೂ ಹಾಯುವ ಬೀದಿಯಿಂದ ಕೂಗಳತೆಯಲ್ಲಿ, ಬಿರುಕು ಅಳೆಯುತ್ತಿದ್ದ. ಒಂದು ಸಲ, ಒಂದೇ ಒಂದು ಸಲ ತನ್ನನ್ನು ಕೂಗಬಾರದಿತ್ತೇ?

ಗಂಗಣ್ಣ ಮಾತ್ರ ಕಾಗದ ನೋಡಲಿಲ್ಲ. ಅವರು ಅವಳ ಬೆರಳು ನೋಡುತ್ತಿದ್ದರು.

“ಇದು ನೀಲಿ ಗಂಜಿಯಲ್ಲ. ಇರುವೆ ಬಂದಿದಾವೆ. ಮೈಲುತುತ್ತ ಹಾಕದ ಗಂಜಿ ಪೇಟೇಲಿ ಒಂದೇ ಮನೇದು ಅಂದ್ಯಲ್ಲಮ್ಮ?”

ಅರುಣಾ ಅಪ್ಪನ ಕಡೆ ತಿರುಗಿದಳು. ಸಂಜೀವಪ್ಪ ಎರಡೂ ಕೈ ಮುಂದೆ ಚಾಚಿದ. ಬೆರಳಿನ ಸಂದು, ಉಗುರಿನ ಬುಡ, ಎಲ್ಲ ಒಣಗಿ, ಪೊರಕೆಯ ಧೂಳು ಬಿಟ್ಟರೆ ಬೇರೇನೂ ಇರಲಿಲ್ಲ.

“ನಾನಲ್ಲ ಕಣವ್ವಾ,” ಎಂದ. ಈ ಸಲ ಅವನು ಮಗ್ಗದ ಆಣೆ ಇಡಲಿಲ್ಲ. ಇಡುವ ಧೈರ್ಯವಿರಲಿಲ್ಲ. “ಇವತ್ತು ನಾನು ಗಂಜಿ ಪಾತ್ರೆ ಮುಟ್ಟೇ ಇಲ್ಲ.”

“ಹಾಗಾದ್ರೆ ಕಾಯಿಸಿದ್ದು ಯಾರು?” ಎಂದರು ಗಂಗಣ್ಣ.

ಅರುಣಾ ಬೆರಳ ತುದಿಯ ಗಂಜಿಯನ್ನು ಮತ್ತೆ ನೋಡಿದಳು.

ವಸಂತ್ ಕಾಣೆಯಾದ ಮಾರನೇ ದಿನದಿಂದ ಅರುಣಾಳ ಅಮ್ಮ ಭಾಗ್ಯಮ್ಮ ಹರಕೆ ಹೊತ್ತಿದ್ದಳು. ಹುಡುಗ ಬರುವ ತನಕ ದಿನಾ ಬೆಳಿಗ್ಗೆ ಬಿಂದಿಗೆ ಹೊತ್ತು ಶಿವನ ಗುಡಿಗೆ ಹೋಗುತ್ತೇನೆ ಎಂದು. ಬಾಯಿಗೆ ಬಾಳೆಲೆ ಕಟ್ಟಿದ ತುಂಬಿದ ಬಿಂದಿಗೆ ಹೊತ್ತು ಹೋಗುತ್ತಿದ್ದಳು, ಬರಿದಾದ ಬಿಂದಿಗೆ ತರುತ್ತಿದ್ದಳು. ಅಭಿಷೇಕದ ನೀರು ಎಂದುಕೊಂಡಿದ್ದಳು ಅರುಣಾ. ಅಮ್ಮನ ಕಷ್ಟ ನೋಡಲಾರದೆ ಇವತ್ತು ಬೆಳಿಗ್ಗೆ ಬಿಂದಿಗೆ ತಾನು ಹೊರುತ್ತೇನೆಂದು ಕೈ ಚಾಚಿದ್ದಳು. ಅಮ್ಮ ಒಂದು ಹೆಜ್ಜೆ ಹಿಂದೆ ಸರಿದು, “ಬೇಡ, ಮಡಿ” ಎಂದಿದ್ದಳು.

ಆ ಒಂದು ಕ್ಷಣ ಬಿಂದಿಗೆಯ ಕಂಠ ಅವಳ ಬೆರಳಿಗೆ ತಾಕಿತ್ತು.

ನೀರಿನ ಬಿಂದಿಗೆ ಅಷ್ಟು ಬಿಸಿಯಾಗಿರುವುದಿಲ್ಲ.